ನೇವಾ ತೀರದಿಂದ ಕನಕಪುರ ರಸ್ತೆಗೆ

ಮಹಾಲಕ್ಷ್ಮಿ ಲೇಔಟಿನ ನಮಗೆ ಹಸಿರು ಮೆಟ್ರೊ ಅಂದರೆ ಮೆಜೆಸ್ಟಿಕ್ಕು, ಕೆ.ಆರ್. ಮಾರ್ಕೆಟ್ಟು, ಹೆಚ್ಚೆಂದರೆ ಜಯನಗರ. ಅದೇ ರೈಲು ಒಬ್ಬ ರಷ್ಯನ್ ಚಿತ್ರಕಾರನ ಎರಡು ವಿಳಾಸಗಳನ್ನೂ ತೋರಿಸುತ್ತದೆ. ನಾಲ್ಕನೇ ಸ್ಟೇಷನ್ ಸಂಪಿಗೆ ರಸ್ತೆಯಲ್ಲಿಳಿದು ಆಟೊ ಹಿಡಿದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಇಳಿಯದೆ ಕೂತೇ ಇದ್ದರೆ ಕೊನೆಗೆ ರೇಷ್ಮೆ ಸಂಸ್ಥೆ, ಅದರಾಚೆ ಕನಕಪುರ ರಸ್ತೆಯ ತಾತಗುಣಿ.

ಸ್ವೆತೋಸ್ಲಾವ್ ರೋರಿಕ್. ರೋರಿಚ್ ಎಂದು ಬರೆಯುವವರೂ ಉಂಟು. ಬೆಂಗಳೂರು ಅವರನ್ನು ನೆನೆಯುವುದು ಬಹುಪಾಲು ‘ನಟಿ ದೇವಿಕಾ ರಾಣಿಯ ಗಂಡ’ ಎಂದೇ. ಅದು ಅನ್ಯಾಯ. ಹುಟ್ಟಿದ್ದು 1904ರಲ್ಲಿ, ನೇವಾ ನದಿಯ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ನಿಕೊಲಾಯ್ ಹೆಸರಾಂತ ಕಲಾವಿದ. 1913ರಲ್ಲಿ ಪ್ಯಾರಿಸ್ಸನ್ನು ಬೆಚ್ಚಿಬೀಳಿಸಿದ ಸ್ಟ್ರಾವಿನ್‌ಸ್ಕಿಯ ಬ್ಯಾಲೆಗೆ ರಂಗಸಜ್ಜಿಕೆ ಅವರದೇ. ಕ್ರಾಂತಿಯ ಮೇಲೆ ಊರು ಬಿಟ್ಟ ಕುಟುಂಬ ಲಂಡನ್ ಕಂಡಿತು, ಅಮೆರಿಕ ಕಂಡಿತು. ಮಗ ಮೊದಲು ಕಲಿತದ್ದು ವಾಸ್ತುಶಿಲ್ಪ. 1928ರ ಹೊತ್ತಿಗೆ ಇವರೆಲ್ಲ ಕುಲು ಕಣಿವೆಯ ನಗ್ಗರದಲ್ಲಿ ನೆಲೆನಿಂತರು.

ತಂದೆಗೆ ಬೆಟ್ಟದ ಹುಚ್ಚು. ಮಗನನ್ನು ಸೆಳೆದದ್ದು ಮನುಷ್ಯರ ಮುಖ. 1942ರಲ್ಲಿ ನೆಹರೂ ಮಗಳೊಂದಿಗೆ ನಗ್ಗರಕ್ಕೆ ಬಂದಾಗ ಅವರನ್ನು ಕೂರಿಸಿ ಚಿತ್ರ ಬರೆದರು. ಸಂಸತ್ತಿನ ಹಳೆಯ ಸೆಂಟ್ರಲ್ ಹಾಲಿನ ನೆಹರೂ ಭಾವಚಿತ್ರವೂ ಇವರ ಕೈಯದೇ.

1945ರಲ್ಲಿ, ಬಾಂಬೆ ಟಾಕೀಸ್ ಬಿಟ್ಟುಬಂದ ದೇವಿಕಾ ರಾಣಿಯೊಂದಿಗೆ ಮದುವೆ. ಕೆಲವೇ ವರ್ಷಗಳಲ್ಲಿ ದಂಪತಿ ಬೆಂಗಳೂರಿನವರಾದರು. ತಾತಗುಣಿಯ 460ಕ್ಕೂ ಹೆಚ್ಚು ಎಕರೆಯಲ್ಲಿ ಲಿನಲೋ ಮರ ಬೆಳೆಸಿದರು. ಅದರ ಕಾಯಿಯ ಸಿಪ್ಪೆಯಿಂದ ತೆಗೆವ ಎಣ್ಣೆ ಸುಗಂಧದ್ರವ್ಯಕ್ಕೆ ಹೋಗುತ್ತದೆ. ಆ ಮರವೂ ವಲಸೆಯದೇ, ತವರು ಮೆಕ್ಸಿಕೊ! ಒಂದು ಕಡೆ ತೋಟದ ಲೆಕ್ಕ, ಇನ್ನೊಂದು ಕಡೆ ಟೆಂಪೆರಾ ಬಣ್ಣ. ತಂದೆಯ ಹಿಮಾಲಯದ ನೀಲಿ ನೋಡಿ ಮಗನ ಕ್ಯಾನ್ವಾಸಿನೆದುರು ನಿಂತರೆ ಕಣ್ಣಿಗೆ ರಾಚುವುದು ಕೆಂಪು, ಕಿತ್ತಳೆ, ದಕ್ಷಿಣದ ಬಿಸಿಲು. 1961ರಲ್ಲಿ ಪದ್ಮಭೂಷಣ ಬಂತು.

ಎಂ.ಎಸ್. ನಂಜುಂಡರಾವ್ 1960ರಲ್ಲಿ ಚಿತ್ರಕಲಾ ಪರಿಷತ್ತನ್ನು ಕಟ್ಟಲು ಹೊರಟಾಗ ರೋರಿಕ್ ಬೆನ್ನಿಗೆ ನಿಂತರು. ತಮ್ಮ ಮತ್ತು ತಂದೆಯ ಚಿತ್ರಗಳನ್ನು ಅಲ್ಲಿಗೆ ಕೊಟ್ಟರು. ಪ್ರತಿ ವರ್ಷ ಪರಿಷತ್ತಿನ ಚಿತ್ರಸಂತೆಗೆ ಹೋಗಿ ಫುಟ್‌ಪಾತಿನ ಜನಜಂಗುಳಿಯಲ್ಲೇ ದಿನ ಕಳೆಯುವ ನಮ್ಮಲ್ಲಿ ಎಷ್ಟು ಮಂದಿ ಒಳಗಿನ ಆ ಗ್ಯಾಲರಿಗೆ ಕಾಲಿಟ್ಟಿದ್ದೇವೆ? ನಾನಂತೂ ಎರಡು ಸಂತೆ ಮುಗಿಸಿ ಮೂರನೆಯದರಲ್ಲಿ ಹೋದೆ.

1993ರ ಜನವರಿಯಲ್ಲಿ ರೋರಿಕ್, ಮರು ವರ್ಷ ಮಾರ್ಚಿನಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟಕ್ಕೆ ಜಗಳ ಹತ್ತಿತು. ಅದನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. 2011ರಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆಸ್ತಿಹಕ್ಕಿನ ಪಾಠದಲ್ಲಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪದು. ಅದರ ತಲೆಬರಹದಲ್ಲಿ ಚಿತ್ರಕಾರನ ಹೆಸರಿಲ್ಲ; ಇರುವುದು ಕೆ.ಟಿ. ಪ್ಲಾಂಟೇಷನ್ ಎಂಬ ಕಂಪನಿ ಮತ್ತು ಕರ್ನಾಟಕ ರಾಜ್ಯ.