ಹಳೇ ಟ್ರ್ಯಾಕ್ಟರಿನ ಎಂಜಿನ್ ಬ್ಲಾಕ್ ಸೋರುತ್ತಿದೆಯಾ? ತಾತ್ಕಾಲಿಕ ತೇಪೆ ಹಾಕೋದು ಹೀಗೆ

ಮಳೆ ಬಂದು ಹದ ಸಿಕ್ಕಿರುತ್ತೆ, ಬಿತ್ತನೆಗೆ ಇರೋದು ನಾಲ್ಕೈದು ದಿನ. ಅಷ್ಟರಲ್ಲಿ ಹಳೇ ಟ್ರ್ಯಾಕ್ಟರಿನ ಎಂಜಿನ್ ಪಕ್ಕದಿಂದ ನೀರು ಜಿನುಗೋಕೆ ಶುರು. ಬ್ಲಾಕ್ ಇಳಿಸಿ ರಿಪೇರಿ ಮಾಡಿಸುವಷ್ಟರಲ್ಲಿ ಹದ ಆರಿಹೋಗುತ್ತೆ. ಇಂಥ ಹೊತ್ತಿನಲ್ಲಿ ಎಪಾಕ್ಸಿ ತೇಪೆ ಕೈ ಹಿಡಿಯುತ್ತೆ. ಆದರೆ ಎಲ್ಲ ಸೋರಿಕೆಗೂ ತೇಪೆ ನಡೆಯಲ್ಲ. ಒಳಗಿನ ಬಿರುಕು ಗೊತ್ತಾಗದೆ ಓಡಿಸಿದರೆ ಇಡೀ ಎಂಜಿನ್ ಹಾಳಾಗುತ್ತೆ.

ಮೊದಲು ಪರೀಕ್ಷೆ ಮಾಡಿ

ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಬರ್ತಿದ್ದರೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ತೊಂದರೆ ಒಳಗಿರಬಹುದು. ಇವಕ್ಕೆ ತೇಪೆ ಪರಿಹಾರವಲ್ಲ, ಮೆಕ್ಯಾನಿಕ್ ಬರಲಿ.

ಇವು ಯಾವುದೂ ಇಲ್ಲ ಅಂದರೆ ಬ್ಲಾಕನ್ನು ಒರೆಸಿ ಒಣಗಿಸಿ, ಎಂಜಿನ್ ಓಡಿಸಿ, ಮೊಬೈಲ್ ಟಾರ್ಚಿನಲ್ಲಿ ನೋಡಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಒಯ್ಯಬೇಡಿ. ಹೋಸ್ ಪೈಪ್, ವಾಟರ್ ಪಂಪ್ ಅಥವಾ ಬ್ಲಾಕಿಗೆ ಹೊಡೆದಿರುವ ದುಂಡನೆ ತಗಡಿನ ಪ್ಲಗ್ ಸೋರುತ್ತಿದ್ದರೆ ಅದನ್ನೇ ಬದಲಿಸಿ. ಬ್ಲಾಕಿನ ಹೊರಗೋಡೆಯಲ್ಲೇ ಕೂದಲೆಳೆಯಂಥ ಸೀಳು ಕಂಡರೆ ಮಾತ್ರ ತೇಪೆ. ಅದರ ಫೋಟೋ ತೆಗೆದಿಡಿ. ಸೀಳು ಬೆಳೆಯಿತಾ ಅಂತ ಆಮೇಲೆ ಹೋಲಿಸಿ ನೋಡಬಹುದು.

ತೇಪೆ ಹಾಕುವ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತೆ.

2. ಸೀಳಿಗಿಂತ ಕೆಳಮಟ್ಟಕ್ಕೆ ನೀರು ಇಳಿಸಿ, ಬಕೆಟ್‌ನಲ್ಲಿ ಹಿಡಿಯಿರಿ. ಕೂಲೆಂಟ್ ಇದ್ದರೆ ಅದು ಸಿಹಿಯಾದ ವಿಷ. ನಾಯಿ, ದನಕರು ನೆಕ್ಕಿದರೆ ಸಾಯಬಹುದು. ಮಣ್ಣಿಗೂ ಚೆಲ್ಲಬೇಡಿ.

3. ವೈರ್ ಬ್ರಷ್, ಸ್ಯಾಂಡ್ ಪೇಪರ್ ಹಾಕಿ ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ತಿಕ್ಕಿ. ಸೀಳಿನ ಸುತ್ತ ಒಂದಿಂಚು ಜಾಗವೂ ಹಾಗೇ ಆಗಲಿ.

4. ಸೀಳಿನ ಎರಡೂ ತುದಿಗೆ 3 ಮಿ.ಮೀ. ತೂತು ಹಾಕಿದರೆ ಸೀಳು ಮುಂದಕ್ಕೆ ಹರಿಯೋದು ತಪ್ಪುತ್ತೆ. ಈ ಕೆಲಸ ಅನುಭವಸ್ಥರೇ ಮಾಡಲಿ. ಆಳ ತಪ್ಪಿದರೆ ಒಳಗಿನ ಸಿಲಿಂಡರ್ ಗೋಡೆಗೆ ಪೆಟ್ಟು.

5. ಥಿನ್ನರ್ ಬಟ್ಟೆಯಿಂದ ಜಿಡ್ಡು ಒರೆಸಿ ಒಣಗಿಸಿ. ಆಮೇಲೆ ಬೆರಳು ತಾಗಿಸಬೇಡಿ, ಹತ್ತಿರ ಬೀಡಿ, ಬೆಂಕಿ ಬೇಡ.

6. ಲೋಹದ ಪುಡಿ ಇರುವ, ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ತಡೆಯುತ್ತೆ ಎಂದು ಪೊಟ್ಟಣದ ಮೇಲೆ ಬರೆದಿರುವ ಎಪಾಕ್ಸಿಯನ್ನೇ ಕೇಳಿ ತನ್ನಿ. ಕೈಗವಸು ಹಾಕಿ ಎರಡೂ ಭಾಗವನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ಒಂದೇ ಬಣ್ಣ ಬರುವವರೆಗೆ ಕಲಸಿ. ಸೀಳಿನೊಳಗೆ ಒತ್ತಿ ತುಂಬಿ, ಮೇಲೆ ಅರ್ಧ ಸೆಂ.ಮೀ. ದಪ್ಪ ಮೆತ್ತಿ.

7. 24 ಗಂಟೆ ಮುಟ್ಟಬೇಡಿ.

ಓಡಿಸುವಾಗ

ಮೊದಲು 15 ನಿಮಿಷ ಲೋಡ್ ಇಲ್ಲದೆ ಓಡಿಸಿ ನೋಡಿ. ನಮ್ಮ ಟ್ರ್ಯಾಕ್ಟರಿಗೆ ತೇಪೆ ಹಾಕಿದಾಗ ರೋಟಾವೇಟರ್ ಕಟ್ಟಲಿಲ್ಲ. ಹಗುರ ಕುಂಟೆ ಹೊಡೆದು ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿದೆವು. ಗಂಟೆಗೊಮ್ಮೆ ನಿಲ್ಲಿಸಿ ತೇಪೆ ನೋಡುತ್ತಿದ್ದೆ, ಉಷ್ಣತೆಯ ಮುಳ್ಳಿನ ಮೇಲೆ ಸದಾ ಕಣ್ಣು. ಬಿತ್ತನೆ ಮುಗಿದ ವಾರವೇ ಬ್ಲಾಕ್ ಇಳಿಸಿದೆವು.

ಮುಳ್ಳು ಏರಿದರೆ ಕೆಲಸ ನಿಲ್ಲಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಬೀಡು ಕಬ್ಬಿಣ ತಟ್ಟನೆ ತಣ್ಣಗಾದರೆ ಹೊಸ ಬಿರುಕು ಬಿಡುತ್ತೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕೋ ಉಪಾಯವೂ ಬೇಡ. ಅದು ಸಣ್ಣ ತೂತನ್ನು ಮುಚ್ಚಿದರೂ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಸುತ್ತೆ.

ಶಾಶ್ವತ ರಿಪೇರಿ

ಬ್ಲಾಕ್ ಬೀಡು ಕಬ್ಬಿಣದ್ದು. ಸಾಮಾನ್ಯ ರಾಡಿನಲ್ಲಿ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳಬಹುದು. ನಿಕ್ಕಲ್ ರಾಡ್ ಬಳಸ್ತೀರಾ, ವೆಲ್ಡ್ ಆದ ಮೇಲೆ ನಿಧಾನ ತಣ್ಣಗಾಗಿಸ್ತೀರಾ ಅಂತ ಮೊದಲೇ ಕೇಳಿ. ಶಾಖವಿಲ್ಲದೆ ಲೋಹದ ಪಿನ್ನುಗಳಿಂದ ಹೊಲಿಯುವ ಮೆಟಲ್ ಸ್ಟಿಚಿಂಗ್ ವಿಧಾನವೂ ಇದೆ. ಎರಡರ ಖರ್ಚನ್ನೂ ಹಳೇ ಬ್ಲಾಕಿನ ಬೆಲೆಯ ಜತೆ ಹೋಲಿಸಿ ತೀರ್ಮಾನಿಸಿ. ತೇಪೆ ಸೋರುತ್ತಿಲ್ಲ ಅಂತ ಮುಂದಿನ ಹಂಗಾಮಿಗೆ ತಳ್ಳಬೇಡಿ.