ಭಂಗಾರದವರು ಬಿಟ್ಟುಹೋದ ಚೀಲ

ನಮ್ಮ ಕ್ಲಬ್ಬಿನ ಗೆಳೆಯನೊಬ್ಬನ ಊರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ. ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋದಾಗ ಅವನು ಓದಿದ ಶಾಲೆಯ ವಿಜ್ಞಾನದ ಮಾಸ್ತರು, "ಹುಡುಗ್ರು ಒಂದು ಚೀಲ ಪ್ಲಾಸ್ಟಿಕ್ ಕೂಡಿಸ್ಯಾರ, ಏನ್ ಮಾಡೂದ್ ಹೇಳ್ರಿ" ಅಂದರು. ರೀಸೈಕಲ್ ಮಾಡಿದರಾಯ್ತು ಅಂತ ನಾವು ಭಂಗಾರದವರನ್ನು ಕರೆಸಿದೆವು. ಅವರು ಚೀಲ ಸುರುವಿ ಬಾಟಲಿ, ಮುಚ್ಚಳ, ಎಣ್ಣೆ ಡಬ್ಬಿ ಆರಿಸಿಕೊಂಡು ಎದ್ದೇಬಿಟ್ಟರು. ಚಿಪ್ಸ್, ಬಿಸ್ಕೀಟು, ಚಾಕ್ಲೇಟು ಪಾಕೀಟು ಎಲ್ಲಾ ಅಲ್ಲೇ. "ಇದನ್ನ ಯಾರೂ ತಗೊಳಂಗಿಲ್ರಿ." ಚೀಲದಲ್ಲಿ ಮುಕ್ಕಾಲು ಪಾಲು ಅದೇ ಇತ್ತು!

ಯಾಕೆ ಹೀಗೆ? ಪ್ಲಾಸ್ಟಿಕ್ ಅನ್ನೋದು ಒಂದು ವಸ್ತು ಅಲ್ಲ. ಮರುದಿನ ಮಕ್ಕಳ ಮುಂದೆ ಒಂದು ಬಕೆಟ್ ನೀರಿಟ್ಟು ನೀರಿನ ಬಾಟಲಿಯ ತುಂಡು, ಮುಚ್ಚಳದ ತುಂಡು ಎರಡನ್ನೂ ಹಾಕಿದೆವು. ಬಾಟಲಿ ತುಂಡು ಮುಳುಗಿತು, ಮುಚ್ಚಳ ತೇಲಿತು. ಬಾಟಲಿ ಪೆಟ್, ಸಾಂದ್ರತೆ ಸುಮಾರು 1.38. ಮುಚ್ಚಳ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಥೀನ್, ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಯಲ್ಲೂ ಪುಡಿಮಾಡಿದ ಬಾಟಲಿಯನ್ನು ದೊಡ್ಡ ತೊಟ್ಟಿಯಲ್ಲಿ ಹೀಗೇ ಬೇರ್ಪಡಿಸುತ್ತಾರೆ. ಆದರೆ ಬಾಟಲಿಯ ಲೇಬಲ್ ಪಿವಿಸಿ ಆಗಿದ್ದರೆ ಅದೂ ಪೆಟ್ ಜೊತೆ ಮುಳುಗುತ್ತದೆ. ಪೆಟ್ ಕರಗಲು ಸುಮಾರು 250 ಡಿಗ್ರಿ ಬೇಕು, ಅಷ್ಟರೊಳಗೆ ಪಿವಿಸಿ ಕರಕಲಾಗಿ ಆಮ್ಲ ಬಿಟ್ಟು ಇಡೀ ಮಾಲನ್ನೇ ಕೆಡಿಸುತ್ತದೆ. ಅದಕ್ಕೇ ಲೇಬಲ್ ಕಿತ್ತು ಹಾಕಿ ಅಂತ ಮಕ್ಕಳಿಗೆ ಹೇಳಿದೆವು. ಅರ್ಧ ನಿಮಿಷದ ಕೆಲಸ.

ಆಗ ಒಬ್ಬ ಹುಡುಗಿ ಕೇಳಿದಳು: "ಅಂಗಡ್ಯಾಗ ಶೇಂಗಾ ಕಾಗದದಾಗ ಕಟ್ಟಿ ಕೊಡ್ತಾರ, ಚಿಪ್ಸ್ ಯಾಕ ಕೊಡಂಗಿಲ್ಲ?"

ನಿಜ ಹೇಳಬೇಕಂದ್ರೆ ನಾವು ಇಷ್ಟು ಒಳ್ಳೆ ಪ್ರಶ್ನೆ ಕ್ಲಾಸಿನಲ್ಲಿ ಕೇಳಿಲ್ಲ. ಗಾಳಿಯ ತೇವ ತಾಗಿದರೆ ಚಿಪ್ಸ್ ಮೆತ್ತಗಾಗುತ್ತದೆ, ಆಮ್ಲಜನಕ ತಾಗಿದರೆ ಎಣ್ಣೆ ಕಮಟುತ್ತದೆ. ಅದಕ್ಕೆ ಪಾಕೀಟಿನಲ್ಲಿ ಹಲವು ಪದರ: ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅತಿ ತೆಳು ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್. ಒಳಗೆ ನೈಟ್ರೋಜನ್. ಚಿಪ್ಸನ್ನು ಗರಿಗರಿ ಇಡುವ ಆ ಅಂಟಿಕೊಂಡ ಪದರಗಳೇ ಮರುಬಳಕೆಗೆ ಅಡ್ಡಿ, ಬಿಡಿಸೋದು ತೀರಾ ಕಷ್ಟ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪಟ್ಟಿಯಲ್ಲಿ ಕ್ಯಾಂಡಿ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೋಕೋಲ್ ಇವೆ, ಈ ಪಾಕೀಟು ಇಲ್ಲ.

ಹಾಗಂತ ಶಾಲೆ ಹಿಂದೆ ಸುಡಬಾರದು. ಸಿಮೆಂಟ್ ಕಾರ್ಖಾನೆಯ ಗೂಡು 1400 ಡಿಗ್ರಿ ದಾಟುತ್ತದೆ, ಇಂಥದ್ದನ್ನು ಅಲ್ಲಿ ಇಂಧನವಾಗಿ ಬಳಸುತ್ತಾರೆ. ತಿಪ್ಪೆಯ ಬೆಂಕಿಗೆ ಆ ಕಾವು ಇಲ್ಲ, ವಿಷದ ಹೊಗೆ ಮಕ್ಕಳ ಮೂಗಿಗೇ ಬರುತ್ತದೆ. ಆದರೆ ಗೂಡಿಗೆ ಕಳಿಸಲು ಲಾರಿಗಟ್ಟಲೆ ಬೇಕು, ಒಂದು ಶಾಲೆಯಿಂದ ಆಗದು.

ಈಗ ಅಲ್ಲಿ ಎರಡು ಚೀಲ ತೂಗುಹಾಕಿದ್ದಾರೆ. ಒಂದು ಭಂಗಾರದವರಿಗೆ. ಇನ್ನೊಂದನ್ನು ಪಟ್ಟಣ ಪಂಚಾಯಿತಿ ಗಾಡಿಗೆ ಕೊಡಬೇಕು ಅಂತ ಮಾಸ್ತರು ಓಡಾಡ್ತಿದ್ದಾರೆ. ಆ ಎರಡನೇ ಚೀಲ ಸಣ್ಣದಾಗಲಿ ಅಂತ ಶನಿವಾರ ಮಕ್ಕಳು ಮನೆಯಿಂದ ಶೇಂಗಾ, ಪುಟಾಣಿ ಡಬ್ಬಿಯಲ್ಲಿ ತರ್ತಾರಂತೆ.