ಹಾಸನದಲ್ಲಿ ಸೂರ್ಯ, ಹೊಳೆನರಸೀಪುರದಲ್ಲಿ ನೆಪ್ಚೂನ್

ಹಾಸನದ ಸಾಲಗಾಮೆ ರಸ್ತೆಯ ದೊಡ್ಡ ಡಿಶ್ ಆಂಟೆನಾಗಳನ್ನು ನೆಂಟರಿಗೆ ತೋರಿಸಿ "ಚಂದ್ರಯಾನ ನಡೆಸಿದ್ದು ಇಲ್ಲಿಂದಲೇ" ಎನ್ನುವವರು ಊರಲ್ಲಿ ಇದ್ದಾರೆ. ಹೆಮ್ಮೆ ಸರಿ, ವಿಳಾಸ ತಪ್ಪು. 1982ರಲ್ಲಿ ಇನ್ಸಾಟ್ ಸರಣಿಯ ಮೊದಲ ಉಪಗ್ರಹ ಹಾರಿದ ಕಾಲಕ್ಕೆ ಶುರುವಾದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಜನರ ಬಾಯಲ್ಲಿನ ಎಂಸಿಎಫ್, ಮುಖ್ಯವಾಗಿ ನೋಡಿಕೊಳ್ಳುವುದು ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು. ಮನೆಯ ಟಿವಿಗೆ ಚಾನೆಲ್ ತರುವಂಥವು, ಮಳೆ ಮೋಡದ ಚಿತ್ರ ಕಳಿಸುವಂಥವು. ಚಂದ್ರಯಾನ, ಮಂಗಳಯಾನಗಳನ್ನು ನಡೆಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಇನ್ನೊಂದು ಕೇಂದ್ರ ಇಸ್ಟ್ರಾಕ್. ಅವುಗಳ ದನಿ ಕೇಳಿಸಿಕೊಂಡಿದ್ದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ.

ಎರಡು ಕಡೆ ಎರಡು ಕೇಂದ್ರ ಯಾಕೆ ಬೇಕಾಯಿತು ಎಂದು ಕೇಳಿದರೆ ದೊಡ್ಡ ತಪ್ಪು ಕಲ್ಪನೆಯೊಂದು ಹೊರಬೀಳುತ್ತದೆ. ಉಪಗ್ರಹ, ಚಂದ್ರ, ಮಂಗಳ, ಸೂರ್ಯ ಎಲ್ಲವನ್ನೂ ನಾವು "ಮೇಲಿದೆ" ಎಂಬ ಒಂದೇ ಮಾತಿಗೆ ಕಟ್ಟಿಬಿಟ್ಟಿದ್ದೇವೆ. ಆ "ಮೇಲೆ"ಯನ್ನು ಹಾಸನ ಜಿಲ್ಲೆಯ ನೆಲಕ್ಕೆ ಇಳಿಸಿ ಅಳೆದು ನೋಡೋಣ.

"ಗ್ರಹಗಳು ಸೂರ್ಯನ ಸುತ್ತ ಒಂದರ ಪಕ್ಕ ಒಂದಿವೆ"

ಶಾಲೆಯ ಗೋಡೆಪಟ ಹೇಳುವುದು ಇದನ್ನೇ. ಸುಳ್ಳು ಹೇಳಬೇಕೆಂದು ಯಾರೂ ಹಾಗೆ ಬರೆದಿಲ್ಲ. ನಿಜ ಬರೆಯಲು ಕಾಗದ ಸಾಲದು. ಭೂಮಿಯನ್ನು ಒಂದು ಮಿಲಿಮೀಟರಿನ ಚುಕ್ಕೆ ಮಾಡಿದರೂ ಸೂರ್ಯನನ್ನು ಸುಮಾರು 11.7 ಮೀಟರ್ ದೂರದಲ್ಲಿ ಬರೆಯಬೇಕು, ನೆಪ್ಚೂನನ್ನು 350 ಮೀಟರ್ ಆಚೆ. ಹಾಗಾಗಿ ಎಲ್ಲ ಪಟಗಳೂ ಗ್ರಹಗಳನ್ನು ಹಿಗ್ಗಿಸುತ್ತವೆ, ದೂರವನ್ನು ನುಂಗುತ್ತವೆ. ಇದರಲ್ಲಿ ನನಗೆ ತಕರಾರಿಲ್ಲ. ಪಟದ ಕೆಳಗೆ "ದೂರ ಅಳತೆಗೆ ತಕ್ಕಂತಿಲ್ಲ" ಎಂದು ಒಂದು ಸಾಲು ಹಾಕದಿರುವುದರಲ್ಲಿ ಮಾತ್ರ ಇದೆ.

ಈಗ ಭೂಮಿಯಿಂದ ಸೂರ್ಯನಿಗಿರುವ ಸುಮಾರು 15 ಕೋಟಿ ಕಿ.ಮೀ. ದೂರವನ್ನು ಒಂದು ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಹಾಸನದ ಮಹಾರಾಜ ಪಾರ್ಕಿನಲ್ಲಿ ಸೂರ್ಯ. ಅವನ ಅಡ್ಡಗಲ 9.3 ಮೀಟರ್, ಹೆಚ್ಚುಕಡಿಮೆ ಮೂರು ಮಹಡಿಯ ಎತ್ತರ. ಬುಧ 390 ಮೀಟರ್ ಆಚೆ, ಶುಕ್ರ 720 ಮೀಟರ್ ಆಚೆ. ಒಂದು ಕಿಲೋಮೀಟರಿಗೆ ಭೂಮಿ: 8.5 ಸೆಂ.ಮೀ., ಒಂದು ದಪ್ಪ ಹಾಸನ ಆಲೂಗಡ್ಡೆಯಷ್ಟು. ಒಂದೂವರೆ ಕಿಲೋಮೀಟರಿಗೆ ಮಂಗಳ, ಭೂಮಿಯ ಅರ್ಧದಷ್ಟು. ಇಲ್ಲಿಯವರೆಗೆ ಊರಿನೊಳಗೇ ಇದ್ದೇವೆ.

ಆಮೇಲೆ ಊರು ಮುಗಿಯುತ್ತದೆ. ಗುರು 5.2 ಕಿ.ಮೀ. ದೂರದಲ್ಲಿ, ಮೀಟರಿಗಿಂತ ತುಸು ಕಮ್ಮಿ ಅಗಲದ ಗೋಳ. ಶನಿ 9.6 ಕಿ.ಮೀ.ನಲ್ಲಿ, ಅದರ ಮುಖ್ಯ ಬಳೆಗಳನ್ನೂ ಸೇರಿಸಿ ಅಳೆದರೆ ಎರಡು ಮೀಟರ್ ತುಂಬುವುದಿಲ್ಲ. ಯುರೇನಸ್ ಸಿಗಬೇಕಾದರೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಶಾಂತಿಗ್ರಾಮವನ್ನೂ ದಾಟಿ 19 ಕಿ.ಮೀ. ಹೋಗಬೇಕು, ಅರಕಲಗೂಡಿನ ಕಡೆ ಹೊರಟರೆ ಗೊರೂರು ಅಣೆಕಟ್ಟೆ ಇನ್ನೇನು ಬಂತು ಅನ್ನುವಲ್ಲಿ. ನೆಪ್ಚೂನ್ 30 ಕಿ.ಮೀ.ನಲ್ಲಿ. ರಸ್ತೆಯ ತಿರುವುಗಳನ್ನು ಬಿಟ್ಟು ನಕ್ಷೆಯ ಮೇಲೆ ಆ ವೃತ್ತ ಎಳೆದರೆ ಅದು ಹೊಳೆನರಸೀಪುರವನ್ನು ಸವರಿಕೊಂಡು, ಅರಕಲಗೂಡನ್ನು ಒಳಗಿಟ್ಟು, ಚನ್ನರಾಯಪಟ್ಟಣವನ್ನು ಹೊರಗೆ ಬಿಟ್ಟು, ಆ ಕಡೆ ಬೇಲೂರಿನ ಹತ್ತಿರ ಹಾದುಹೋಗುತ್ತದೆ. ಮೂವತ್ತಮೂರು ಸೆಂ.ಮೀ. ಅಗಲದ ಒಂದು ಗೋಳ ಆ ದಾರಿಯನ್ನು ಒಂದು ಸುತ್ತು ಮುಗಿಸಲು 165 ವರ್ಷ ತೆಗೆದುಕೊಳ್ಳುತ್ತದೆ. ಪ್ಲೂಟೊ ಒಂದೂವರೆ ಸೆಂ.ಮೀ.ನಷ್ಟು. ಅದರ ದಾರಿ ಓರೆ: ಕೆಲವೊಮ್ಮೆ ನೆಪ್ಚೂನಿಗಿಂತ ಈಚೆಗೂ ಬರುತ್ತದೆ, ದೂರ ಹೋದಾಗ ಶ್ರವಣಬೆಳಗೊಳವನ್ನೂ ದಾಟುತ್ತದೆ.

ಈ ತಾಲ್ಲೂಕು ಕೇಂದ್ರಗಳ ನಡುವಿನ ಗದ್ದೆ, ತೋಟ, ಕೆರೆ, ಮನೆಮಠ ಎಲ್ಲವನ್ನೂ ತೆಗೆದುಹಾಕಿ ಇಷ್ಟೇ ಗೋಳಗಳನ್ನು ಉಳಿಸಿದರೆ ಏನಿರುತ್ತದೋ ಅದು ಸೌರವ್ಯೂಹ. ನಿಜವಾದ ಸೌರವ್ಯೂಹ ಇದಕ್ಕಿಂತಲೂ ಬರಿದು, ಯಾಕೆಂದರೆ ಅಲ್ಲಿ ಮೇಲೂ ಕೆಳಗೂ ಜಾಗವಿದೆ. ನೆಪ್ಚೂನಿನವರೆಗಿನ ಗೋಳಾಕಾರದ ಅವಕಾಶವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸೂರ್ಯ ತುಂಬುವುದು ನಾಲ್ಕು ಪಾಲನ್ನೂ ಅಲ್ಲ. ಗ್ರಹಗಳನ್ನು ಲೆಕ್ಕಕ್ಕೆ ಸೇರಿಸಿದರೂ ಆ ಅಂಕಿ ಅಲ್ಲಾಡುವುದಿಲ್ಲ.

"ಉಪಗ್ರಹವೂ ಚಂದ್ರನೂ ಹೆಚ್ಚುಕಡಿಮೆ ಒಂದೇ ದೂರ"

ಎಂಸಿಎಫ್ ಕಾಯುವ ಉಪಗ್ರಹಗಳಿರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನಮ್ಮ ಮಾದರಿಯಲ್ಲಿ ಆಲೂಗಡ್ಡೆಯಿಂದ 24 ಸೆಂ.ಮೀ. ಮೇಲೆ. ಗಗನಯಾತ್ರಿಗಳು ತಿಂಗಳುಗಟ್ಟಲೆ ವಾಸಿಸುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ? ಮೂರು ಮಿಲಿಮೀಟರ್ ಕೂಡ ಇಲ್ಲ, ಸಿಪ್ಪೆಗೆ ಅಂಟಿದಂತೆಯೇ. ಚಂದ್ರ 2.3 ಸೆಂ.ಮೀ.ನ ಗೋಳ, ಎರಡೂವರೆ ಮೀಟರ್ ಆಚೆ. ಪಟದಲ್ಲಿ ಭೂಮಿಗೆ ತಾಗಿಕೊಂಡಂತೆ ಕಾಣುವ ಆ ಚಂದ್ರನಿಗೂ ನಮಗೂ ನಡುವೆ, ಅವನು ಅತಿ ದೂರ ಹೋದಾಗ, ಉಳಿದ ಏಳೂ ಗ್ರಹಗಳನ್ನು, ಗುರು ಶನಿಗಳನ್ನೂ ಬಿಡದೆ, ಸಾಲಾಗಿ ಜೋಡಿಸಬಹುದು. ಶನಿಯ ಬಳೆಗಳನ್ನು ಮಾತ್ರ ಕಳಚಿಡಬೇಕು. ಮನುಷ್ಯ ಕಾಲಿಟ್ಟ ಅತಿ ದೂರದ ಜಾಗವೆಂದರೆ ಆ ಎರಡೂವರೆ ಮೀಟರ್.

"ಆದಿತ್ಯ ಸೂರ್ಯನ ಹತ್ತಿರ ಹೋಗಿದೆ"

2023ರ ಸೆಪ್ಟೆಂಬರ್ 2ರಂದು ಹೊರಟ ಇಸ್ರೊದ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1, 2024ರ ಜನವರಿ 6ರಂದು ತನ್ನ ಜಾಗ ಸೇರಿದಾಗ "ಸೂರ್ಯನ ಶಾಖಕ್ಕೆ ಅದು ಕರಗುವುದಿಲ್ಲವೇ" ಎಂಬ ಪ್ರಶ್ನೆ ಎಲ್ಲೆಡೆ ಓಡಾಡಿತು. ಅದು ಹೋದದ್ದು 15 ಲಕ್ಷ ಕಿ.ಮೀ. ಸೂರ್ಯನ ದೂರದಲ್ಲಿ ನೂರಕ್ಕೆ ಒಂದು ಪಾಲು. ಒಂದು ಕಿಲೋಮೀಟರ್ ದಾರಿಯಲ್ಲಿ ಹತ್ತು ಮೀಟರ್ ಹೋಗಿ ನಿಂತಿದೆ. ಅಲ್ಲಿ ನಿಂತದ್ದು ಹತ್ತಿರವಾಗಲಿ ಎಂದಲ್ಲ, ಭೂಮಿಯ ನೆರಳು ಬೀಳದೆ ಸೂರ್ಯನನ್ನು ಎಡೆಬಿಡದೆ ನೋಡಬಹುದು ಎಂದು. ಅದರ ಕೆಲಸಗಳಲ್ಲಿ ಸೂರ್ಯನಿಂದ ಹರಿದುಬರುವ ಕಣಗಳ ಗಾಳಿಯನ್ನು ಅಳೆಯುವುದೂ ಒಂದು. ಅಷ್ಟರಮಟ್ಟಿಗೆ ಈ ಬಯಲು ಪೂರ್ತಿ ಬರಿದಲ್ಲ. ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟು ಕಣ ಹಾಯುತ್ತಿರುತ್ತವೆ.

ದೂರದ ಮಾತು ಬಂದಾಗ ಇನ್ನೊಂದು: ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆಂಬ ನಂಬಿಕೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಹೋಗುವುದು ಜನವರಿ ಮೊದಲ ವಾರ, ಹಾಸನದವರು ಸ್ವೆಟರ್ ಹಾಕಿಕೊಂಡಿರುವಾಗ. ಮಾದರಿಯಲ್ಲಿ ಆಗ 983 ಮೀಟರ್, ಜುಲೈನಲ್ಲಿ 1,017 ಮೀಟರ್. ಋತು ಬದಲಾಗುವುದು ಭೂಮಿಯ ಅಕ್ಷದ ಓರೆಯಿಂದ, ಈ 34 ಮೀಟರಿನಿಂದ ಅಲ್ಲ.

"ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ"

ಆಗಸ್ಟ್ ಬಂದರೆ ವಾಟ್ಸಾಪಿನಲ್ಲಿ ಇದು ಮತ್ತೆ ತಲೆಯೆತ್ತುತ್ತದೆ. ಮೂಲ 2003ರ ಆಗಸ್ಟ್ 27. ಅಂದು ಮಂಗಳ ನಿಜಕ್ಕೂ ಬಹಳ ಸಮೀಪ, ಸುಮಾರು 5.6 ಕೋಟಿ ಕಿ.ಮೀ.ಗೆ ಬಂದಿತ್ತು. ಅಂದರೆ ನಮ್ಮ ಅಳತೆಯಲ್ಲಿ 370 ಮೀಟರ್ ದೂರದ ನಾಲ್ಕೂವರೆ ಸೆಂ.ಮೀ. ಗೋಳ. ಎರಡೂವರೆ ಮೀಟರ್ ದೂರದ ಚಂದ್ರನ ಮುಂದೆ ಅದು ಎಷ್ಟು ಕಂಡೀತು? ಅಗಲದಲ್ಲಿ ಎಪ್ಪತ್ತರಲ್ಲಿ ಒಂದು ಪಾಲು. ಬರಿಗಣ್ಣಿಗೆ ಕೆಂಪು ಚುಕ್ಕೆ, ಅಷ್ಟೆ.

ಅಲ್ಲಿಗೆ ಹೋಗುವವರೂ ನೇರ ಹೋಗುವುದಿಲ್ಲ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನ ಸೂರ್ಯನನ್ನು ಬಳಸಿಕೊಂಡು ಸುತ್ತುದಾರಿಯಲ್ಲಿ ಹೋಗಿ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಆ ಹೊತ್ತಿಗೆ ಮಂಗಳ ನಮ್ಮಿಂದ ಮಾದರಿಯ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. ಈ ಮಾದರಿಯಲ್ಲಿ ಬೆಳಕಿನ ವೇಗ ಎಷ್ಟು ಗೊತ್ತೇ? ಸೆಕೆಂಡಿಗೆ ಎರಡು ಮೀಟರ್. ಬಿರುಸಾಗಿ ನಡೆಯುವವರ ವೇಗ. ಬಸ್ ಹತ್ತಿದರೆ ಬೆಳಕನ್ನೇ ಹಿಂದೆ ಹಾಕಬಹುದು. ರೇಡಿಯೊ ಸಂದೇಶವೂ ಅದೇ ವೇಗದ್ದು, ಹಾಗಾಗಿ ಒಂದು ಕಡೆಗೇ ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಅದಕ್ಕೇ ಮಾಡಬೇಕಾದ್ದನ್ನೆಲ್ಲ ಮೊದಲೇ ನೌಕೆಗೆ ಕಲಿಸಿಟ್ಟು, ಬೆಂಗಳೂರಿನಲ್ಲಿ ಕುಳಿತವರು ಸುದ್ದಿಗೆ ಕಾಯಬೇಕಾಯಿತು.

"ಕ್ಷುದ್ರಗ್ರಹಗಳ ಪಟ್ಟಿ ಕಲ್ಲುಗಳ ಕಾಡು"

ಸಿನಿಮಾದವರ ಸೃಷ್ಟಿ. ಮಾದರಿಯಲ್ಲಿ ಈ ಪಟ್ಟಿ ಎರಡರಿಂದ ಮೂರು ಕಿಲೋಮೀಟರ್ ಆಚೆ ಊರನ್ನು ಬಳಸುತ್ತದೆ. ಅದರಲ್ಲಿ ಅತಿ ದೊಡ್ಡದಾದ ಸೀರಿಸ್ ಆರು ಮಿಲಿಮೀಟರ್. ಎಲ್ಲವನ್ನೂ ಒಟ್ಟು ಉಂಡೆ ಕಟ್ಟಿದರೂ ಒಂದು ಸೆಂಟಿಮೀಟರ್ ಆಗದು. 1972ರಲ್ಲಿ ಪಯನಿಯರ್ 10 ನೌಕೆ ಮೊದಲ ಬಾರಿಗೆ ಒಳಹೊಕ್ಕಾಗ ವಿಜ್ಞಾನಿಗಳಿಗೂ ಅಳುಕಿತ್ತು. 1973ರ ಫೆಬ್ರುವರಿ ಹೊತ್ತಿಗೆ ಅದು ಏನೂ ಆಗದೆ ಆಚೆ ಬಂದಿತ್ತು.

"ಗ್ರಹಗಳು ಒಂದೆಡೆ ಸೇರಿದರೆ ಗಂಡಾಂತರ"

1962ರ ಫೆಬ್ರುವರಿಯ ಅಷ್ಟಗ್ರಹ ಕೂಟವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಪ್ರಳಯವೇ ಆಗುತ್ತದೆಂದು ದೇಶದ ಉದ್ದಗಲಕ್ಕೂ ಹೋಮಹವನಗಳು ನಡೆದವು. ಮಕರದಲ್ಲಿ ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಕಂಡದ್ದು ಹೌದು. ಎಂಟನೆಯ ಕೇತು ವಸ್ತುವಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಬಿಂದು. ಆದರೆ ಅವು "ಸೇರಿದ್ದು" ನಮ್ಮ ಕಣ್ಣಿನ ದಿಕ್ಕಿನಲ್ಲಿ ಮಾತ್ರ. ಅಂದು ಒಂದೇ ಮನೆಯಲ್ಲಿದ್ದ ಚಂದ್ರ ನಮ್ಮಿಂದ ಎರಡೂವರೆ ಮೀಟರಿನಲ್ಲಿದ್ದ, ಶನಿ ಹತ್ತು ಕಿಲೋಮೀಟರಿಗೂ ಆಚೆ ಇದ್ದ. ಇನ್ನು ಸೆಳೆತ: ಶುಕ್ರ ಅತಿ ಸಮೀಪ ಬಂದಾಗಲೂ ಸಮುದ್ರವನ್ನು ಉಬ್ಬಿಸುವ ಅದರ ಶಕ್ತಿ ಚಂದ್ರನದರ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ, ಗುರುವಿನದು ಅದಕ್ಕಿಂತಲೂ ಕಡಿಮೆ.

ನವಗ್ರಹ ಗುಡಿಯ ಕಟ್ಟೆಯ ಮೇಲೆ ಒಂಬತ್ತೂ ಮೂರ್ತಿಗಳು ಕೈಯಳತೆಯಲ್ಲಿ ನಿಂತಿರುತ್ತವೆ. ಅದು ಪೂಜೆಯ ಜಾಗ, ನಕ್ಷೆಯಲ್ಲ. ನಕ್ಷೆಯೆಂದು ಅದನ್ನು ಕಟ್ಟಿದವರೂ ಹೇಳಿಕೊಂಡಿರಲಿಲ್ಲ. ನಕ್ಷೆಯೆಂದು ಹೇಳಿಕೊಳ್ಳುವುದು ಶಾಲೆಯ ಪಟ.

"ವಾಯೇಜರ್ ಸೌರವ್ಯೂಹ ದಾಟಿಹೋಯಿತು"

ಅರ್ಧ ಸತ್ಯ. 1977ರ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್ 1, 2012ರ ಆಗಸ್ಟಿನಲ್ಲಿ ಸೂರ್ಯನ ಕಣಗಾಳಿ ಬೀಸುವ ವಲಯದಿಂದ ಹೊರಬಿತ್ತು. ಸೂರ್ಯನ ಗುರುತ್ವದ ಹಿಡಿತ ಅಲ್ಲಿಗೆ ಮುಗಿಯುವುದಿಲ್ಲ. ಸೆಕೆಂಡಿಗೆ 17 ಕಿ.ಮೀ. ಧಾವಿಸುವ ಈ ನೌಕೆ ನಮ್ಮ ಮಾದರಿಯಲ್ಲಿ ದಿನಕ್ಕೆ ಹತ್ತು ಮೀಟರ್ ಸಾಗುತ್ತದೆ. ಅರ್ಧ ಶತಮಾನದ ಸಮೀಪ ಓಡಿಯೂ ಅದು ಈಗ ತಲುಪಿರುವುದು ಹಾಸನದಿಂದ ಬೆಂಗಳೂರಿನಷ್ಟು ದೂರ. ಧೂಮಕೇತುಗಳ ತವರೆಂದು ಹೇಳುವ ಊರ್ಟ್ ಮೋಡದ ಒಳ ಅಂಚು ಮುಟ್ಟಲು ಇನ್ನೂ ಸುಮಾರು 300 ವರ್ಷ, ಅದನ್ನು ದಾಟಲು 30,000 ವರ್ಷ ಬೇಕೆಂಬುದು ನಾಸಾದ ಅಂದಾಜು. ಪಕ್ಕದ ನಕ್ಷತ್ರ ಪ್ರಾಕ್ಸಿಮಾವನ್ನೂ ಇದೇ ಮಾದರಿಗೆ ಸೇರಿಸಬೇಕೆಂದರೆ ಭೂಮಿಯ ಮೇಲೆ ಜಾಗವಿಲ್ಲ. ಅದಕ್ಕೆ 2,68,000 ಕಿಲೋಮೀಟರ್ ಬೇಕು, ಹಾಸನದಿಂದ ನಿಜವಾದ ಚಂದ್ರನ ಕಡೆಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ದಾರಿ.